ಒಂದು ಪಿಕಪ್ ಟ್ರಕ್ಕಿನ ಕಾಯಕ

(ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ಸಹಾಯಾರ್ಥ ಸಮಾರಂಭದಲ್ಲಿ ಟ್ರಕ್ಕಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಕೆಲಸ ಕಳೆದುಕೊಂಡ ಮನೆಗೆ ಒಂದು ತಿಂಗಳ ದಿನಸಿ ಕೊಡಿಸುವುದು ಒಳ್ಳೆಯ ಕೆಲಸ, ಅದು ನಡೆಯಲೇಬೇಕು. ಆದರೆ ಆ ಮನೆಯವರು ಮುಂದಿನ ತಿಂಗಳು ತಾವೇ ದಿನಸಿ ತರುವಂತಾದರೆ ಅದು ಇನ್ನೂ ದೊಡ್ಡ ಸಹಾಯ. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕೆಲಸ ಹೋದವರು, ಅಂಗಡಿ ಮುಚ್ಚಿದವರು, ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಮಾಡಬೇಕೆನ್ನುವವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಒಂದು ಪಿಕಪ್ ಇಟ್ಟುಕೊಂಡು ಬಾಡಿಗೆ ಸಾಮಾನು ಸಾಗಿಸಿದರೆ ಹೊಟ್ಟೆ ತುಂಬುತ್ತದೆಯೇ?" ತುಂಬುತ್ತದೆ. ಆದರೆ ಕಾಗದಪತ್ರ, ತೂಕ, ಲೆಕ್ಕ, ಈ ಮೂರೂ ಸರಿಯಿದ್ದರೆ ಮಾತ್ರ.

"ಎಂಜಿನಿಯರಿಂಗ್ ಓದಿ ಲಾರಿ ಓಡಿಸುವುದೇ?" ಎಂದು ಮೂಗು ಮುರಿಯುವವರು ನಮ್ಮಲ್ಲಿ ಇಲ್ಲದಿಲ್ಲ. ಅವರಿಗೆ ಇಬ್ಬರನ್ನು ನೆನಪಿಸುತ್ತೇವೆ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಸಾಗಣೆ ಶುರು ಮಾಡಿದ್ದು ಒಂದೇ ಒಂದು ಲಾರಿಯಿಂದ. ಮನೆತನದ ಉದ್ಯೋಗ ಮುದ್ರಣದ್ದು, ಲಾರಿಯದಲ್ಲ. ಮುಂದೆ ಹುಬ್ಬಳ್ಳಿಯಲ್ಲಿ ನೆಲೆಯೂರಿದ ಆ ವಿಆರ್‌ಎಲ್ ಇಂದು ಭಾರತದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದು. ಇನ್ನೊಬ್ಬರು ಮಾಲ್ಕಮ್ ಮೆಕ್ಲೀನ್. 1934ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಒಂದು ಹಳೆಯ ಟ್ರಕ್ಕಿನಿಂದ ಆರಂಭಿಸಿದವರು. 1956ರ ಏಪ್ರಿಲ್ 26ರಂದು ಇದೇ ನಮ್ಮ ನ್ಯೂಅರ್ಕ್ ಬಂದರಿನಿಂದ 58 ಕಂಟೇನರುಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟ 'ಐಡಿಯಲ್ ಎಕ್ಸ್' ಹಡಗು ಅವರದು. ಜಗತ್ತಿನ ಸರಕು ಸಾಗಣೆಯ ರೀತಿಯೇ ಅಲ್ಲಿಂದ ಬದಲಾಯಿತು. ನಾವೆಲ್ಲ ಅಷ್ಟು ದೊಡ್ಡವರಾಗಬೇಕಿಲ್ಲ. ಮೊದಲ ಟ್ರಕ್ಕಿನ ಬಗ್ಗೆ ನಾಚಿಕೆ ಬೇಡ ಎನ್ನುವುದಷ್ಟೇ ನಮ್ಮ ಮಾತು.

ಟ್ರಕ್ ಕೊಳ್ಳುವ ಮೊದಲು ನೋಡಬೇಕಾದದ್ದು ನಿಮ್ಮ ವೀಸಾ. ಎಚ್-1ಬಿಯಲ್ಲಿರುವವರು ತಮ್ಮ ಅರ್ಜಿ ಹಾಕಿದ ಕಂಪನಿಗಲ್ಲದೆ ಬೇರೆಡೆ ದುಡಿಯುವಂತಿಲ್ಲ. ಕೆಲಸ ಹೋದ ಮೇಲೆ ಸಿಗುವ ಗರಿಷ್ಠ 60 ದಿನಗಳ ಅವಧಿಯಲ್ಲೂ ಬಾಡಿಗೆ ಹೊಡೆಯುವಂತಿಲ್ಲ. ನಾಲ್ಕು ಕಾಸಿನ ಆಸೆಗೆ ಇಡೀ ಮನೆಯವರ ಗ್ರೀನ್ ಕಾರ್ಡ್ ಕನಸು ಕೈತಪ್ಪಬಾರದು. ಎಚ್-4ರಲ್ಲಿರುವ ಕೆಲವರಿಗೆ 2015ರಿಂದ ಕೆಲಸದ ಪರವಾನಗಿ ದೊರೆಯುತ್ತಿದೆ. ಆ ಕಾರ್ಡು ಕೈಯಲ್ಲಿದ್ದರೆ ಸ್ವಂತ ಉದ್ಯೋಗವನ್ನೂ ಮಾಡಬಹುದು. ಗ್ರೀನ್ ಕಾರ್ಡ್ ಮತ್ತು ಪೌರತ್ವ ಉಳ್ಳವರಿಗೆ ಈ ಚಿಂತೆಯಿಲ್ಲ. ಅನುಮಾನವಿದ್ದರೆ ವಕೀಲರನ್ನು ಕೇಳಿ, ಪಾರ್ಟಿಯಲ್ಲಿ ಸಿಕ್ಕ ಸ್ನೇಹಿತರನ್ನಲ್ಲ.

ಎರಡನೆಯದು ವಿಮೆ. ಮನೆಯ ಕಾರಿಗೆ ಮಾಡಿಸುವ ಸಾಮಾನ್ಯ ವಿಮೆ ಬಾಡಿಗೆ ಸಾಗಣೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಟರ್ನ್‌ಪೈಕಿನಲ್ಲಿ ಅಪಘಾತವಾದಾಗ ಹಿಂದೆ ಬೇರೆಯವರ ಸರಕಿತ್ತು ಎಂದು ಗೊತ್ತಾದರೆ ವಿಮಾ ಕಂಪನಿ ಕೈಯೆತ್ತಬಹುದು. ಆಗ ಉಳಿತಾಯಕ್ಕೂ ಮನೆಗೂ ಕುತ್ತು. ಆದ್ದರಿಂದ ವಾಣಿಜ್ಯ ವಿಮೆ ಬೇಕು, ಸಾಗಿಸುವ ಸರಕಿಗೆ ಬೇರೆ ವಿಮೆ ಬೇಕು. ಬಾಡಿಗೆಗೆ ರಾಜ್ಯದ ಗಡಿ ದಾಟುವವರಿಗೆ ಕೇಂದ್ರ ಸರ್ಕಾರದ ಕನಿಷ್ಠ ಹೊಣೆ ವಿಮೆ ಸಣ್ಣ ವಾಹನಕ್ಕೆ 3 ಲಕ್ಷ ಡಾಲರ್, 10,001 ಪೌಂಡ್ ಮುಟ್ಟಿದ ವಾಹನಕ್ಕೆ ಏಳೂವರೆ ಲಕ್ಷ. ಸರಕು ಕೊಡಿಸುವ ಬ್ರೋಕರುಗಳು ಇದಕ್ಕಿಂತ ಹೆಚ್ಚು ಕೇಳುವುದೇ ರೂಢಿ.

ನಮ್ಮ ಕಡೆ ರಾಜ್ಯದ ಗಡಿ ಎಂದರೆ ಒಂದು ಸೇತುವೆ ಅಷ್ಟೆ. ಹಾಗಾಗಿ ಕೇಂದ್ರದ ಮೋಟಾರ್ ಕ್ಯಾರಿಯರ್ ಇಲಾಖೆಯಿಂದ ಪಡೆಯುವ ಆಪರೇಟಿಂಗ್ ಅಥಾರಿಟಿಯ ಮಾತು ಬೇಗನೆ ಬರುತ್ತದೆ. ಅದರ ಅರ್ಜಿ ಶುಲ್ಕ 300 ಡಾಲರ್. ನ್ಯೂಯಾರ್ಕ್ ನಗರದ ಸುತ್ತಲಿನ ವಾಣಿಜ್ಯ ವಲಯದೊಳಗಿನ ಸಾಗಣೆಗೆ ವಿನಾಯಿತಿಯೂ ಇದೆ. ನಿಮ್ಮ ಊರು ಅದರೊಳಗೆ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಇನ್ನು ಜನರ ಮನೆ ಸಾಮಾನು ಸಾಗಿಸುವುದು ಬೇರೆಯೇ ಕಸುಬು. ಅದಕ್ಕೆ ನ್ಯೂಜೆರ್ಸಿಯಲ್ಲಿ ಗ್ರಾಹಕ ವ್ಯವಹಾರ ವಿಭಾಗದ, ನ್ಯೂಯಾರ್ಕಿನಲ್ಲಿ ಸಾರಿಗೆ ಇಲಾಖೆಯ ಲೈಸೆನ್ಸ್ ಬೇಕು. "ಸೋಫಾ ಒಂದೇ ಅಲ್ಲವೇ" ಎಂದು ಶುರು ಮಾಡಿ ತೊಂದರೆಗೆ ಸಿಕ್ಕಬೇಡಿ.

ಮೂರನೆಯದು ತೂಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಪಿಕಪ್ಪಿಗೆ ಅಕ್ಷರಶಃ ಸಲ್ಲುತ್ತದೆ. ಚಾಲಕನ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿ ಗಾಡಿ ಎಷ್ಟು ಹೊರಬಲ್ಲದು ಎಂದು ಬರೆದಿರುತ್ತದೆ. ಸಾಧಾರಣ ಪಿಕಪ್ಪಿಗೆ ಅದು ಸುಮಾರು 1,500ರಿಂದ 2,000 ಪೌಂಡ್. ಅದರಲ್ಲಿ ಕುಳಿತವರ ತೂಕವೂ ಸೇರಿದೆ. ಟ್ರೇಲರ್ ಕಟ್ಟಿದರೆ ಹೆಚ್ಚು ಸರಕು ಹಿಡಿಯುತ್ತದೆ, ನಿಜ. ಆದರೆ 7,000 ಪೌಂಡ್ ದರ್ಜೆಯ ಪಿಕಪ್ಪಿಗೆ 7,000 ಪೌಂಡ್ ದರ್ಜೆಯ ಟ್ರೇಲರ್ ಸೇರಿದರೆ 14,000 ಆಯಿತು. 10,001ರ ಗೆರೆ ದಾಟಿ ರಾಜ್ಯದ ಹೊರಗೆ ಹೋಗುವವರಿಗೆ ಯುಎಸ್ ಡಾಟ್ ನಂಬರ್, ಚಾಲಕರ ವೈದ್ಯಕೀಯ ಪ್ರಮಾಣಪತ್ರ, ಗಾಡಿಯ ತಪಾಸಣೆಯ ದಾಖಲೆ ಎಲ್ಲವೂ ಬೇಕಾಗುತ್ತದೆ. ಟ್ರೇಲರ್ ಕೊಳ್ಳುವ ಮುಂಚೆ ಕೂಡಿಸಿ ನೋಡಿ.

ದಾರಿಯ ವಿಚಾರವೂ ಇದೆ. ವಾಣಿಜ್ಯ ವಾಹನಗಳಿಗೆ ಪ್ಯಾಲಿಸೇಡ್ಸ್ ಮತ್ತು ನ್ಯೂಯಾರ್ಕಿನ ಪಾರ್ಕ್‌ವೇಗಳಲ್ಲಿ ಪ್ರವೇಶವಿಲ್ಲ. ಕಾರಿಗೆ ದಾರಿ ತೋರಿಸುವ ಫೋನು ಇದನ್ನು ಹೇಳುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ವಾಣಿಜ್ಯ ವಾಹನದ ಎರಡೂ ಬದಿಗೆ ಹೆಸರು-ವಿಳಾಸವನ್ನು 3 ಅಂಗುಲದ ಅಕ್ಷರದಲ್ಲಿ ಬರೆಸಿರಬೇಕು. ಮ್ಯಾನ್‌ಹ್ಯಾಟನ್‌ನಲ್ಲಿ 60ನೇ ಬೀದಿಯಿಂದ ಕೆಳಕ್ಕೆ ಹೋಗಲು 2025ರ ಜನವರಿ 5ರಿಂದ ಬೇರೆ ಶುಲ್ಕ ಶುರುವಾಯಿತು. ಇದನ್ನೂ ಬಾಡಿಗೆಗೆ ಸೇರಿಸಿಯೇ ದರ ಹೇಳಬೇಕು.

ಈಗ ಲೆಕ್ಕಕ್ಕೆ ಬರೋಣ. ಎಡಿಸನ್‌ನಿಂದ ಫಿಲಡೆಲ್ಫಿಯಾಕ್ಕೆ ಸುಮಾರು 60 ಮೈಲಿ. 150 ಡಾಲರ್ ಕೊಡುತ್ತೇವೆ ಎಂದರೆ ಮೇಲ್ನೋಟಕ್ಕೆ ಒಳ್ಳೆಯ ಬಾಡಿಗೆ. ಆದರೆ ಹಿಂದಕ್ಕೆ ಖಾಲಿ ಬರಬೇಕು. ಒಟ್ಟು 120 ಮೈಲಿ. ತೆರಿಗೆ ಇಲಾಖೆ 2025ಕ್ಕೆ ನಿಗದಿ ಮಾಡಿದ ಮೈಲಿಗೆ 70 ಸೆಂಟ್ ದರ ಹಿಡಿದರೆ ಗಾಡಿಯ ಖರ್ಚೇ 84 ಡಾಲರ್. ಟೋಲ್‌ಗೆ ಒಂದು 16 ಡಾಲರ್ ಇಟ್ಟುಕೊಳ್ಳೋಣ. ನೂರಾಯಿತು. ಉಳಿದದ್ದು 50. ಓಡಿಸಲು ಮೂರು ಗಂಟೆ, ಸರಕು ಹೇರಿ ಇಳಿಸಲು, ಕಾಯಲು ಎರಡು ಗಂಟೆ. ಗಂಟೆಗೆ ಹತ್ತೇ ಡಾಲರ್! 2025ರಲ್ಲಿ ನ್ಯೂಜೆರ್ಸಿಯ ಕನಿಷ್ಠ ಕೂಲಿಯೇ 15 ಡಾಲರ್ 49 ಸೆಂಟ್ ಇತ್ತು. ಉಳಿದ ಲಾಭದ ಮೇಲೆ ಶೇಕಡಾ 15.3ರಂತೆ ಸ್ವಂತ ಉದ್ಯೋಗದ ತೆರಿಗೆಯೂ ಇದೆ. ಅದೇ ಬರುವಾಗ ಇನ್ನೊಂದು ಲೋಡು ಸಿಕ್ಕಿದರೆ ಚಿತ್ರವೇ ಬೇರೆ. ಈ ಕಸುಬಿನಲ್ಲಿ ಗೆಲ್ಲುವವರು ಖಾಲಿ ಮೈಲಿ ಕಡಿಮೆ ಮಾಡಿಕೊಂಡವರು. ಆದ್ದರಿಂದ ಗಾಡಿಯಲ್ಲಿ ಒಂದು ನೋಟ್‌ಬುಕ್ ಇರಲಿ. ತುಂಬಿದ ಮೈಲಿ, ಖಾಲಿ ಮೈಲಿ, ಕಾದ ಹೊತ್ತು ದಿನವೂ ಬರೆಯಿರಿ.

ಕೆಲಸ ಎಲ್ಲಿ ಸಿಗುತ್ತದೆ? ದೊಡ್ಡ ಲಾರಿಗೆ ಚಿಕ್ಕದಾದ, ಕೊರಿಯರ್‌ಗೆ ದೊಡ್ಡದಾದ ಸರಕೇ ಪಿಕಪ್ಪಿನ ಪಾಲು: ಒಂದು ಪ್ಯಾಲೆಟ್ ಟೈಲ್ಸ್, ಗ್ಯಾರೇಜಿಗೆ ತುರ್ತಾಗಿ ಬೇಕಾದ ಎಂಜಿನ್, ಹೋಟೆಲಿನ ಗ್ರೈಂಡರ್, ದಿನಸಿ ಅಂಗಡಿಯ ಅಕ್ಕಿ ಚೀಲ. ಬ್ರೋಕರ್ ಮೂಲಕ ಲೋಡು ತೆಗೆದುಕೊಂಡರೆ ಅವರ ನೋಂದಣಿಯನ್ನು ಸರ್ಕಾರದ ತಾಣದಲ್ಲಿ ನೋಡಿಕೊಳ್ಳಿ. ಬ್ರೋಕರುಗಳು 75,000 ಡಾಲರಿನ ಬಾಂಡ್ ಇಟ್ಟಿರಬೇಕೆಂಬುದು ಕಾನೂನು. ಹಣ ಕೈಗೆ ಬರಲು ತಿಂಗಳಾಗುವುದು ಸಾಮಾನ್ಯ. ಹಾಗಾಗಿ ಎರಡು ತಿಂಗಳ ಡೀಸೆಲ್-ಪೆಟ್ರೋಲ್ ಮತ್ತು ವಿಮೆಯ ಹಣ ಕೈಯಲ್ಲಿಟ್ಟುಕೊಂಡೇ ಇಳಿಯಬೇಕು. ಸಾಧ್ಯವಾದರೆ ಹೊಸ ಗಾಡಿಯ ಸಾಲ ಬೇಡ.

ಕೊನೆಯದಾಗಿ, ಗಾಡಿ ಓಡಿಸದೆ ಇಲ್ಲಿ ಕುಳಿತಿರುವ ನಮ್ಮೆಲ್ಲರ ಪಾಲಿನ ಮಾತು. ಯುಗಾದಿಗೆ, ರಾಜ್ಯೋತ್ಸವಕ್ಕೆ ಸ್ಟೇಜಿನ ಸಾಮಾನು, ಊಟದ ಪಾತ್ರೆ, ಸ್ಪೀಕರುಗಳನ್ನು ನಾವು ಯಾರಿಂದಲೋ ತರಿಸುತ್ತೇವೆ. ನಮ್ಮಲ್ಲೇ ಒಬ್ಬರು ಈ ಕೆಲಸ ಮಾಡುತ್ತಿದ್ದರೆ ಅವರನ್ನು ಕರೆಯೋಣ. ಕರೆದು, "ನಮ್ಮವರೇ ತಾನೆ" ಎಂದು ಬಿಟ್ಟಿ ಕೇಳದಿರೋಣ. ಸರಿಯಾದ ಬಾಡಿಗೆಯನ್ನು ಅವತ್ತೇ ಕೊಡೋಣ. ಈ ಸಂಸ್ಥೆಗೆ ಇಂದು ಚೆಕ್ ಬರೆಯುವ ಕೈಗಳೇ ಆ ಬಾಡಿಗೆಯನ್ನೂ ಕೊಟ್ಟರೆ, ಮುಂದಿನ ವರ್ಷ ಆ ಮನೆಯವರೂ ಇಲ್ಲಿ ಕುಳಿತು ಇನ್ನೊಬ್ಬರಿಗಾಗಿ ಚೆಕ್ ಬರೆಯುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು. ಕೆಸರಾದ ಕೈಯನ್ನು ಸಭೆಯಲ್ಲಿ ಹಿಡಿದು ಕುಲುಕುವ ದೊಡ್ಡತನ ನಮ್ಮದಾಗಲಿ.

 ಸಿರಿಗನ್ನಡಂ ಗೆಲ್ಗೆ.