ಗುಳೆ ಹೊರಟ ಕೂಸಿನ ಮನಸ್ಸು



ಸುಗ್ಗಿ ಮುಗೀತು ಅಂದ್ರೆ ಯಾದಗಿರಿ, ಶಹಾಪುರ, ಸುರಪುರದ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆಗಳು ಕಾಣಿಸ್ತವೆ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ. ನಾರಾಯಣಪುರ ಎಡದಂಡೆ ಕಾಲುವೆ ಶಹಾಪುರ, ಸುರಪುರದ ಹೊಲಗಳಿಗೆ ನೀರು ತಂತು, ನಿಜ. ಮಳೆಯನ್ನೇ ನಂಬಿದ ಹಳ್ಳಿ, ತಾಂಡಾಗಳ ಗುಳೆ ಮಾತ್ರ ನಿಂತಿಲ್ಲ. ಕೂಲಿ, ಸಾಲ, ಬರ ಅಂತ ನಾವು ಎಷ್ಟೋ ಚರ್ಚೆ ಮಾಡಿದ್ದೇವೆ. ಅವ್ವನ ಕಂಕುಳಲ್ಲಿರುವ ಆ ಮೂರು ವರ್ಷದ ಕೂಸಿನ ಮನಸ್ಸಿನ ಬಗ್ಗೆ?

ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಅಳುತ್ತೆ. ಹಟಮಾರಿ ಅಂತೀವಿ. ಅದಕ್ಕೆ ಸಿಟ್ಟಿದೆ, ಹೇಳೋಕೆ ಮಾತಿಲ್ಲ, ಅಷ್ಟೇ. 'ಸಿಟ್ಟು ಬಂತೇನು?' ಅಂತ ದೊಡ್ಡವರು ಕೇಳ್ತಾ ಹೋದ್ರೆ ಆ ಮಾತು ಕಲಿಯುತ್ತೆ. ಮೂರರ ಹೊತ್ತಿಗೆ ಇನ್ನೊಂದು ಮಗುವಿನ ಪಕ್ಕ ಕೂತು ತನ್ನ ಪಾಡಿಗೆ ಆಡುತ್ತೆ. ನಾಲ್ಕಕ್ಕೆ ಜೊತೆಗೂಡಿ ಆಡುತ್ತೆ. ಐದಕ್ಕೆ 'ಈಗ ನಿನ್ನ ಪಾಳಿ' ಅನ್ನುತ್ತೆ. ಇದಕ್ಕೆ ಬೇಕಾದ್ದು ದಿನಾ ಸಿಗುವ ಗೆಳೆಯರು ಮತ್ತು ನಂಬುವ ಒಂದು ಮುಖ. ಗುಳೆ ಇದನ್ನೇ ಕಿತ್ತುಕೊಳ್ಳುತ್ತೆ. ಜೊತೆಗೆ ಹೋದರೆ ಗೆಳೆಯರಿಲ್ಲ. ಅಜ್ಜಿ ಹತ್ರ ಉಳಿದರೆ ಅವ್ವ ಇಲ್ಲ.

ಊರಲ್ಲಿ ಉಳಿದ ಮಗುವಿಗೆ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಮೊಟ್ಟೆ ಕೊಟ್ರಾ, ತೂಕ ನೋಡಿದ್ರಾ ಅಂತ ಕೇಳ್ತೀವಿ. ಕೇಳಲೇಬೇಕು. ಮಗು ಇವತ್ತು ಯಾರ ಜೊತೆ ಆಡಿತು, ತಾಂಡಾದ ಕೂಸಿನ ಹತ್ರ ಯಾರಾದ್ರೂ ಲಂಬಾಣಿಯಲ್ಲಿ ಮಾತಾಡಿದ್ರಾ ಅಂತ ಎಷ್ಟು ಸಲ ಕೇಳಿದ್ದೀವಿ?

ಇನ್ನು, ಕಟ್ಟಡದ ಕೆಲಸಕ್ಕೆ ಹೋದವರ ಮಕ್ಕಳು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ, ನೋಡಿಕೊಳ್ಳಲು ತರಬೇತಾದ ಮಹಿಳೆ ಇರಬೇಕು ಅನ್ನುತ್ತಿತ್ತು. ಯಾವಾಗ? ಅಲ್ಲಿ 50ಕ್ಕಿಂತ ಹೆಚ್ಚು ಮಹಿಳೆಯರು ಕೆಲಸ ಮಾಡಿದರೆ! ಇಪ್ಪತ್ತು ತಾಯಂದಿರಿದ್ದರೆ ಅವರ ಮಕ್ಕಳು ಜಲ್ಲಿ ರಾಶಿ ಮೇಲೇ ಆಡಬೇಕಿತ್ತಾ? ಸಣ್ಣ ಕೆಲಸದ ಜಾಗದಲ್ಲೂ ಮಕ್ಕಳಿಗೆ ಕೊಠಡಿ ಸಿಗಬೇಕು. ಊರು ಬಿಡುವ ಮುಂಚೆ ಅಂಗನವಾಡಿಯವರು ಮಗುವಿನ ಹೆಸರು, ಮಾತು, ಅಭ್ಯಾಸ ಬರೆದುಕೊಡಲಿ. ಕೆಲಸದ ಜಾಗದ ಹತ್ತಿರದ ಅಂಗನವಾಡಿ ವಿಳಾಸ ಕೇಳದೆ ಸೇರಿಸಿಕೊಳ್ಳಲಿ.

ಬೆಂಗಳೂರಿನ ವೀಕ್ಷಕರೇ, ಪಕ್ಕದಲ್ಲಿ ಕಟ್ಟಡ ಏಳ್ತಾ ಇದ್ದರೆ ಒಂದೇ ಪ್ರಶ್ನೆ ಕೇಳಿ: ಮಕ್ಕಳು ಎಲ್ಲಿದ್ದಾರೆ?