ಹೈದರಾಬಾದಿನಿಂದ ಕಾವೇರಿಗೆ: ದೊಡ್ಡ ಮೀನಿನ ಪ್ಲಾನು

ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಕೊಂಡಾಪುರ, ಮಿಯಾಪುರ, ಉಪ್ಪಲ್‌ನಿಂದೆಲ್ಲ ಬಂದಿದ್ದೀರ. ಮೀನಿನ ಬಗ್ಗೆ ಮಾತು ಅಂತ ಕೇಳಿ ಬಂದವರಿಗೆ ಒಂದು ವಿಷಯ ಈಗಲೇ ಹೇಳ್ಬಿಡ್ತೀನಿ: ಮಧ್ಯಾಹ್ನದ ಊಟಕ್ಕೆ ಬಿಸಿಬೇಳೆ ಬಾತು, ಮೀನಲ್ಲ.

ನಮ್ಮ ಆಫೀಸಿನಲ್ಲಿ ನಾವು ನಾಲ್ಕು ಜನ ಕನ್ನಡದವರು. ಅದರಲ್ಲಿ ಒಬ್ಬರು ಎರಡು ವರ್ಷ ಕೆನಡಾದಲ್ಲಿ ಇದ್ದು ಬಂದವರು. ಅಲ್ಲಿ ಲ್ಯಾಬ್ರಡಾರ್ ಅಂತ ಒಂದು ಪ್ರದೇಶ, ರಸ್ತೆ ಇಲ್ಲದ ಕಾಡು. ನೀರಿನ ಮೇಲೆ ಇಳಿಯೋ ಪುಟ್ಟ ವಿಮಾನದಲ್ಲಿ ಹೋಗಿ, ಒಂದು ವಾರ ಮರದ ಮನೆಯಲ್ಲಿದ್ದು, ಬ್ರೂಕ್ ಟ್ರೌಟ್ ಅನ್ನೋ ಮೀನಿಗೆ ಗಾಳ ಹಾಕ್ತಾರಂತೆ. ಊಟದ ಹೊತ್ತಲ್ಲಿ ದಿನಾ ಅದೇ ಕತೆ. ಕೊನೆಗೊಂದು ಮಾತು ಸೇರಿಸೋರು: "ನಮ್ಮ ಕಡೆ ಇಂಥದ್ದು ಎಲ್ಲಿದೆ ಗುರು?"

ನಾನು ಮಳವಳ್ಳಿ ತಾಲ್ಲೂಕಿನವನು. ಮುತ್ತತ್ತಿ ಹೊಳೆ ನೋಡ್ತಾ ಬೆಳೆದವನಿಗೆ ಆ ಮಾತು ಚುಚ್ಚಿತು. ಬ್ರೂಕ್ ಟ್ರೌಟ್‌ನ ವಿಶ್ವದಾಖಲೆ ಹದಿನಾಲ್ಕೂವರೆ ಪೌಂಡ್, ಅಂದ್ರೆ ಸುಮಾರು ಆರೂವರೆ ಕೆ.ಜಿ. ಕೆನಡಾದ ನಿಪಿಗಾನ್ ನದಿಯಲ್ಲಿ ಸಿಕ್ಕಿದ್ದು, ನೂರು ವರ್ಷ ದಾಟಿದರೂ ಯಾರೂ ಮುರಿದಿಲ್ಲ. ಈಗ ನಮ್ಮದು ಕೇಳಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಐವತ್ನಾಲ್ಕು ಕೆ.ಜಿ. ಹುಲಿ, ಚಿರತೆಗಳ ಚರ್ಮಕ್ಕೆ ರೂಪ ಕೊಡ್ತಿದ್ದರಲ್ಲ, ಅದೇ ಮನೆತನ. ಆಗ ಕಬಿನಿಗೆ ಅಣೆಕಟ್ಟೆ ಇರಲಿಲ್ಲ. ಈ ಲೆಕ್ಕ ಹೇಳಿದ ಮೇಲೆ ನಮ್ಮ ಕೆನಡಾದವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಹಾಗಾದ್ರೆ ಪ್ಲಾನ್ ಮಾಡು" ಅಂದರು. ಮಾಡಿದೆ. ಆ ಪ್ಲಾನಿನ ಕತೆಯೇ ಇವತ್ತಿನ ಮಾತು.

ಮಹಸೀರ್ ಅಂದ್ರೆ ನಮ್ಮ ಕಡೆಯ ಬಿಳಿಮೀನು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಕಡ್ಲೆಪುರಿ ಹಾಕಿದರೆ ಗುಂಪುಗುಂಪಾಗಿ ಮೇಲೆ ಬರ್ತಾವಲ್ಲ, ದೇವರ ಮೀನು, ಅವುಗಳಲ್ಲಿ ಈ ಜಾತಿಯವೇ ಹೆಚ್ಚು. ಆದರೆ ಕಾವೇರಿಯ ದೈತ್ಯ ಬೇರೆ. ಬೆನ್ನು ಗೂನು, ಬಾಲ ಮತ್ತು ರೆಕ್ಕೆ ಕಿತ್ತಳೆ ಬಣ್ಣ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ತಮಾಷೆ ನೋಡಿ, ನೂರೈವತ್ತು ವರ್ಷದಿಂದ ಗಾಳ ಹಾಕುವವರಿಗೆಲ್ಲ ಗೊತ್ತಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಅಂತ ಕೆಂಪು ಪಟ್ಟಿಗೂ ಸೇರಿತು. ನಾಮಕರಣದ ದಿನವೇ ಐಸಿಯುಗೆ ಸೇರಿಸಿದ ಹಾಗೆ.

ಯಾಕೆ ಹೀಗಾಯ್ತು? ಅಣೆಕಟ್ಟೆ, ಮರಳು, ಡೈನಮೈಟು ಎಲ್ಲ ನಿಮಗೆ ಗೊತ್ತಿರೋದೇ. ಗೊತ್ತಿಲ್ಲದ ಒಂದು ಕಾರಣ ಇದೆ. 1970ರ ದಶಕದಿಂದ ಕಾವೇರಿಗೆ ಇನ್ನೊಂದು ಮಹಸೀರ್ ತಂದು ಬಿಟ್ಟರು, ನೀಲಿ ರೆಕ್ಕೆಯದ್ದು. ಇದರ ಮರಿ ಮಾಡ್ತಿದ್ದದ್ದು ಮಹಾರಾಷ್ಟ್ರದ ಲೋನಾವಳದಲ್ಲಿ, ಟಾಟಾದವರ ಮೀನುಮರಿ ಕೇಂದ್ರದಲ್ಲಿ. ಉದ್ದೇಶ ಒಳ್ಳೆಯದೇ, ಮಹಸೀರ್ ಉಳಿಸಬೇಕು ಅಂತ. ಆದರೆ ಬಂದ ನೆಂಟ ಮನೆಯವರನ್ನೇ ಹೊರಗೆ ಹಾಕಿದ ಹಾಗಾಯ್ತು. ಗಾಲಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಬರೆದಿಟ್ಟ ಲೆಕ್ಕ ಇದೆ, ಅದನ್ನು ವಿಜ್ಞಾನಿಗಳು ಕೂತು ನೋಡಿದರು. ನೀಲಿ ರೆಕ್ಕೆಯವು ಏರ್ತಾ ಹೋಗಿವೆ, ಗೂನುಬೆನ್ನಿನವು ಇಳೀತಾ ಹೋಗಿವೆ. ಬರೀ ಮೀನಿನ ಒಟ್ಟು ಸಂಖ್ಯೆ ನೋಡಿದ್ದರೆ ಎಲ್ಲ ಚೆನ್ನಾಗಿದೆ ಅಂತ ಕಾಣ್ತಿತ್ತು. ಡ್ಯಾಶ್‌ಬೋರ್ಡ್ ಹಸಿರು, ಒಳಗೆ ಸರ್ವರ್ ಸತ್ತಿದೆ. ನಮಗೆ ಹೊಸದಲ್ಲ ಬಿಡಿ.

ಈಗ ಪ್ಲಾನಿಗೆ ಬರೋಣ. ಇಂಟರ್ನೆಟ್ಟಲ್ಲಿ ಹುಡುಕಿದರೆ ಮೊದಲು ಸಿಗೋದು ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆ. ಎಳೆಮಗುವಿನ ಹಾಗೆ ಮೀನನ್ನು ತಬ್ಬಿಕೊಂಡು ನಗ್ತಿರೋ ವಿದೇಶಿಯರ ಫೋಟೊ. ಅವೆಲ್ಲ ಹಳೇ ಫೋಟೊ. ಆ ಹೊಳೆ ಈಗ ಕಾವೇರಿ ವನ್ಯಜೀವಿಧಾಮದೊಳಗೆ ಇದೆ. 1972ರ ಕಾಯ್ದೆ ಪ್ರಕಾರ ಅಭಯಾರಣ್ಯದಲ್ಲಿ ಮೀನು ಹಿಡಿದು ವಾಪಸ್ ಬಿಟ್ಟರೂ ಅದು ಬೇಟೆಯೇ ಅನ್ನೋ ನಿಲುವು ಬಂದ ಮೇಲೆ, 2012ರ ಹೊತ್ತಿಗೆ ಗಾಳದ ಕ್ಯಾಂಪುಗಳು ನಿಂತವು. ಭೀಮೇಶ್ವರಿಗೆ ಈಗಲೂ ಹೋಗಬಹುದು. ತೆಪ್ಪ, ಕಯಾಕ್, ಕಾಡಿನ ನಡಿಗೆ ಎಲ್ಲ ಇದೆ. ಗಾಳ ಇಲ್ಲ.

ಇದು ಸರಿಯೋ ತಪ್ಪೋ ಅಂತ ಈಗಲೂ ಜಗಳ ಇದೆ. ಗಾಳದ ಕ್ಯಾಂಪಿದ್ದಾಗ ಹೊಳೆ ದಡದಲ್ಲಿ ಹಗಲೂ ರಾತ್ರಿ ಜನ ಇದ್ದರು, ಹಿಂದೆ ಕದ್ದು ಮೀನು ಹಿಡೀತಿದ್ದವರೇ ಗೈಡ್ ಆಗಿ ಸಂಬಳ ತಗೋತಿದ್ದರು, ಅವರು ಹೋದ ಮೇಲೆ ಕಾಯೋರಿಲ್ಲ ಅಂತ ಒಂದು ವಾದ. ಅಳಿವಿನ ಅಂಚಿನ ಪ್ರಾಣಿಯ ಬಾಯಿಗೆ ಮೋಜಿಗಾಗಿ ಕೊಕ್ಕೆ ಹಾಕೋದು ಯಾವ ಸಂರಕ್ಷಣೆ ಅಂತ ಇನ್ನೊಂದು. ನನಗೆ ಮೊದಲ ವಾದದಲ್ಲಿ ಹುರುಳು ಕಾಣುತ್ತೆ. ಆ ಗೂನುಬೆನ್ನಿನ ಮೀನು ಕಮ್ಮಿ ಆಗ್ತಿದೆ ಅಂತ ನಮಗೆ ತಿಳಿದಿದ್ದೇ ಗಾಳದವರ ಡೈರಿಯಿಂದ. ಆದರೆ ಕಾನೂನು ನನ್ನ ಅಭಿಪ್ರಾಯ ಕೇಳಿ ನಡೆಯಲ್ಲ.

ಹುಡುಕ್ತಾ ಇರುವಾಗ ಒಂದು ಫೋನ್ ಬಂತು. "ಬನ್ನಿ ಸಾರ್, ರಾತ್ರಿ ದಡಕ್ಕೆ ಕರ್ಕೊಂಡ್ ಹೋಗ್ತೀವಿ, ಪರ್ಮಿಟ್ಟು ಗಿರ್ಮಿಟ್ಟು ಏನೂ ಬೇಡ, ದೊಡ್ಡದೇ ಸಿಗುತ್ತೆ, ಗ್ಯಾರಂಟಿ." ನಾಲ್ವರಲ್ಲಿ ಇಬ್ಬರು ರೆಡಿ. ಒಂದು ಸಲ ತಾನೇ, ಯಾರಿಗೆ ಗೊತ್ತಾಗುತ್ತೆ ಅಂದರು. ನಾನು ಆಗಲ್ಲ ಅಂದೆ. ಆ ಹೊಳೆಯಲ್ಲಿ ಉಳಿದಿರೋ ಕೊನೆಯ ದೊಡ್ಡ ಮೀನುಗಳಲ್ಲಿ ಒಂದು ನಮ್ಮ ವಾಟ್ಸಾಪ್ ಡಿಪಿಗೋಸ್ಕರ ಸಾಯಬಾರದು ಅಂತ. ನಾನೇ ಊರಿನವನಾಗಿ ಅದಕ್ಕೆ ದಾರಿ ತೋರಿಸೋದು ಆಗ್ತಿರಲಿಲ್ಲ. ಮಾತು ಬೆಳೀತು, ಇಬ್ಬರೂ ಗುಂಪು ಬಿಟ್ಟರು. ಎರಡು ತಿಂಗಳು ಕ್ಯಾಂಟೀನಿನಲ್ಲಿ ಬೇರೆ ಬೇರೆ ಟೇಬಲ್ಲು. ಅವರಲ್ಲಿ ಒಬ್ಬರು ಇಲ್ಲೇ ಮೂರನೇ ಸಾಲಲ್ಲಿ ಕೂತಿದ್ದಾರೆ, ಹೆಸರು ಹೇಳಲ್ಲ. (ನಗು)

ಉಳಿದ ನಾವಿಬ್ಬರು ಆರಿಸಿದ್ದು ಕೊಡಗಿನ ವಾಲ್ನೂರು. ಕುಶಾಲನಗರದ ಹತ್ತಿರ, ಅಭಯಾರಣ್ಯದ ಹೊರಗೆ, ಕಾವೇರಿಯ ಮೇಲ್ಭಾಗ. ಮಡಿಕೇರಿಯ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹಳ ವರ್ಷದಿಂದ ಅಲ್ಲಿ ಹೊಳೆ ಕಾಯ್ತಾ, ಪರವಾನಗಿ ಕೊಟ್ಟು ಗಾಳ ಹಾಕಿಸ್ತಾ ಬಂದಿದೆ. ಹಿಡಿದದ್ದನ್ನು ಬಿಡಲೇಬೇಕು. ನಿಯಮ ವರ್ಷ ವರ್ಷಕ್ಕೂ ಬದಲಾಗಬಹುದು, ಆದ್ದರಿಂದ ರೈಲು ಟಿಕೆಟ್ಟಿಗಿಂತ ಮೊದಲು ಸೊಸೈಟಿಗೆ ಫೋನ್ ಮಾಡಿ. ಪರವಾನಗಿ ಕೈಗೆ ಬಂದ ಮೇಲೆ ರಜೆ ಅರ್ಜಿ. ಮಳೆಗಾಲ ಬೇಡ, ಅದು ಮೀನು ಮೊಟ್ಟೆ ಇಡೋ ಕಾಲ, ಹೊಳೆಯೂ ಕೆಂಪಾಗಿರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಮ್ಮಿ ಆಗಿ ಬಿಸಿ ಏರುತ್ತೆ, ಹಿಡಿದ ಮೀನು ಸುಧಾರಿಸಿಕೊಳ್ಳೋದು ಕಷ್ಟ. ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಸರಿ. ಕಾಚಿಗೂಡದಿಂದ ಮೈಸೂರಿಗೆ ರಾತ್ರಿ ರೈಲು, ಅಲ್ಲಿಂದ ಕುಶಾಲನಗರಕ್ಕೆ ಬಸ್ಸು. ಗಾಳದ ಕೋಲನ್ನು ಪಿವಿಸಿ ಪೈಪಿನಲ್ಲಿ ಹಾಕಿ ಮೇಲಿನ ಬರ್ತಿನಲ್ಲಿ ತಲೆ ಹತ್ತಿರ ಇಟ್ಕೊಳ್ಳಿ.

ಫ್ಲೈ ಫಿಶಿಂಗ್ ಅಂದ್ರೇನು ಅಂತ ಕೆಲವರು ಕೇಳಿದ್ದೀರಿ. ಮಾಮೂಲಿ ಗಾಳದಲ್ಲಿ ತೂಕ ಇರೋದು ತುದಿಯಲ್ಲಿ, ರಾಗಿಮುದ್ದೆ ಉಂಡೆ ಕಟ್ಟಿ ಬೀಸಿ ಎಸೀತಾರೆ. ಕಾವೇರಿ ಮಹಸೀರಿಗೆ ರಾಗಿ ಅಂದ್ರೆ ಪ್ರಾಣ, ಮಂಡ್ಯದ ಮೀನು ನೋಡಿ. ಇಲ್ಲಿ ಹಾಗಲ್ಲ. ತುದಿಯಲ್ಲಿರೋದು ಗರಿ, ಕೂದಲು ಕಟ್ಟಿ ಮಾಡಿದ ನಕಲಿ ಹುಳು, ತೂಕವೇ ಇಲ್ಲ. ತೂಕ ಇರೋದು ದಾರಕ್ಕೆ. ಆ ದಾರವನ್ನು ಹಿಂದೆ ಮುಂದೆ ಬೀಸಿ ನೀರಿನ ಮೇಲೆ ಬಿಚ್ಚಬೇಕು. ಕಲಿಯೋಕೆ ನೀರೇ ಬೇಡ, ತುದಿಗೆ ಉಲ್ಲನ್ ದಾರ ಕಟ್ಟಿ ನಮ್ಮ ಅಪಾರ್ಟ್‌ಮೆಂಟಿನ ಲಾನಿನಲ್ಲೇ ಮೂರು ತಿಂಗಳು ಬೀಸಿದ್ವಿ. ವಾಚ್‌ಮನ್ ಬಂದು, "ಏಂ ಸಾರ್, ಗಾಲಿಪಟಮಾ?" ಅಂದ. ಗಾಳಿಪಟ ಅಲ್ಲಪ್ಪಾ ಅಂತ ವಿವರಿಸಿದ ಮೇಲೆ ನಮ್ಮನ್ನು ನೋಡೋ ರೀತಿಯೇ ಬದಲಾಯ್ತು.

ಒಂಬತ್ತು ಅಡಿಯ ಎಂಟನೇ ನಂಬರಿನ ಕೋಲು ಸಾಕು. ದುಡ್ಡು ಹಾಕೋದಾದರೆ ರೀಲಿಗೆ ಹಾಕಿ, ಯಾಕಂದ್ರೆ ಮಹಸೀರ್ ಮೊದಲ ಓಟದಲ್ಲೇ ಬಂಡೆಗಳ ನಡುವೆ ನುಗ್ಗುತ್ತೆ. ಕೊಕ್ಕೆ ದಪ್ಪ ತಂತಿಯದ್ದೇ ಬೇಕು. ಈ ಮೀನಿಗೆ ಹಲ್ಲಿರೋದು ಗಂಟಲಲ್ಲಿ, ಸಾಧಾರಣ ಕೊಕ್ಕೆಯನ್ನು ಜಜ್ಜಿ ಉಗಿಯುತ್ತೆ. ಕೊಕ್ಕೆಯ ಹಿಂಬದಿಯ ಪುಟ್ಟ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ, ಆಗ ಬಿಡಿಸೋದು ಒಂದು ಕ್ಷಣದ ಕೆಲಸ. ದಡದಲ್ಲಿ ಅತ್ತಿ ಮರ ಬಾಗಿರೋ ಮಡುವಿದ್ದರೆ ಅಲ್ಲಿ ಮೊದಲು ಹಾಕಿ, ಉದುರೋ ಹಣ್ಣಿಗೆ ಮೀನು ಕಾಯ್ತಿರುತ್ತೆ. ಮೊಣಕಾಲು ದಾಟಿ ನೀರಿಗೆ ಇಳಿಯಬೇಡಿ. ಸಂಜೆ ಆರರ ಮೇಲೆ ದಡದಲ್ಲಿ ಇರಬೇಡಿ, ಅದು ಆನೆ ನೀರಿಗೆ ಬರೋ ಹೊತ್ತು. ಗೈಡ್ "ಹೋಗೋಣ" ಅಂದ್ರೆ ಹೋಗೋಣ, ಇನ್ನೊಂದು ಸಲ ಎಸೀತೀನಿ ಅನ್ನೋದಿಲ್ಲ.

ಮೂರು ದಿನ ಇದ್ವಿ. ನನಗೆ ಸಿಕ್ಕಿದ್ದು ಒಂದೇ ಒಂದು, ಸುಮಾರು ಮೂರು ಕೆ.ಜಿ., ನೀಲಿ ರೆಕ್ಕೆಯದ್ದು. ಅಂದ್ರೆ ಲೋನಾವಳದ ವಂಶ. ಕೆನಡಾದವರಿಗೆ ಅದೂ ಇಲ್ಲ. ಆದರೂ ವಾಪಸ್ ಬರ್ತಾ ರೈಲಿನಲ್ಲಿ ಮುಂದಿನ ವರ್ಷದ ತಾರೀಖು ಕೇಳಿದ್ದು ಅವರೇ.

ನಮ್ಮವ್ವ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ತಿನ್ನಾಕಿಲ್ಲ, ಬುಟ್ಬುಡಾದು ಅಂದ್ರೆ ಹಿಡಿಯಾದ್ಯಾಕ್ಲಾ ಮಗಾ?" ಹೈದರಾಬಾದಿನಲ್ಲಿ ನಾವು ವಾರ ವಾರ ರಾಮ್‌ನಗರ್ ಮಾರ್ಕೆಟ್ಟಿಂದ ಕೊರಮೀನು ತಂದು ಹುಳಿ ಮಾಡೋರು, ಅವ್ವನ ಪ್ರಶ್ನೆ ನ್ಯಾಯವಾದದ್ದೇ. ಮೀನಿಗೆ ನೋವಾಗಲ್ಲ ಅಂತ ನಾನು ಹೇಳಲ್ಲ. ಬಿಟ್ಟ ಮೇಲೂ ಕೆಲವು ಸಾಯ್ತಾವೆ. ಅದಕ್ಕೇ ನಾವು ಮಾಡ್ಕೊಂಡಿರೋ ಕಟ್ಟಳೆ: ದಿನಕ್ಕೆ ಎರಡು ಮೀನು ಸಿಕ್ಕರೆ ಕೋಲು ಮಡಚೋದು. ಮೀನನ್ನು ನೀರಿಂದ ಎತ್ತದೆ, ಒದ್ದೆ ಕೈಯಲ್ಲಿ ಹಿಡಿದು, ಹರಿವಿಗೆ ಮುಖ ಮಾಡಿಸಿ ಅದಾಗಿ ಹೋಗೋವರೆಗೆ ಕಾಯೋದು. ಫೋಟೊ ನೀರಿನೊಳಗೇ. ಅವ್ವನಿಗೆ ಇಷ್ಟೂ ಹೇಳಿದೆ. "ಆಯ್ತು, ನೀರತ್ರ ಉಸಾರು" ಅಂದ್ಲು. ಒಪ್ಪಿದ್ಲು ಅಂತ ಅಲ್ಲ.

ನಮ್ಮ ಆಫೀಸಿನಲ್ಲಿ ರಿಲೀಸ್ ಅಂದ್ರೆ ಎಲ್ಲರಿಗೂ ಜ್ವರ ಬರುತ್ತೆ. ಇಲ್ಲಿ ರಿಲೀಸೇ ನೆಮ್ಮದಿ. ಆ ಮೂರು ಕೆ.ಜಿ. ಮೀನು ಕೈಯಲ್ಲಿ ಎರಡು ನಿಮಿಷ ಕಿವಿರು ಆಡಿಸ್ತಾ ನಿಂತಿತ್ತು. ಆಮೇಲೆ ಬಾಲದಲ್ಲಿ ಒಂದು ಏಟು ಕೊಟ್ಟು, ನನ್ನ ಕನ್ನಡಕದ ಮೇಲೆಲ್ಲ ನೀರು ಹಾರಿಸಿ ಹೋಯ್ತು. ಅದರ ಬಗ್ಗೆ ತಾರೀಖು, ಉದ್ದ, ರೆಕ್ಕೆಯ ಬಣ್ಣ, ನೀರಿನ ಮಟ್ಟ ಎಲ್ಲ ಬರೆದಿಟ್ಟಿದ್ದೀನಿ. ಬರೋರೆಲ್ಲ ಬರೀಬೇಕು, ಏನೂ ಸಿಗದ ದಿನದ್ದೂ ಸೇರಿಸಿ.

ಮುಂದಿನ ಸಲ ಫೆಬ್ರವರಿ ಎರಡನೇ ವಾರ. ಪರವಾನಗಿ ಸಿಕ್ಕರೆ ಮಾತ್ರ. ಮೂರು ಜಾಗ ಖಾಲಿ ಇದೆ, ಮೂರನೇ ಸಾಲಿನವರು ಆಗಲೇ ಒಂದು ಹಿಡಿದಿದ್ದಾರೆ, ಅಂದ್ರೆ ಎರಡು. ಬರುವ ಭಾನುವಾರದಿಂದ ಬೆಳಿಗ್ಗೆ ಆರಕ್ಕೆ ಲಾನಿನಲ್ಲಿ ಪ್ರಾಕ್ಟೀಸ್. ಕೋಲು ನನ್ನ ಹತ್ತಿರ ಎರಡಿದೆ, ಟೋಪಿ ಮತ್ತು ಕನ್ನಡಕ ನೀವು ತನ್ನಿ, ಯಾಕಂದ್ರೆ ಹೊಸಬರ ಕೊಕ್ಕೆ ಮೊದಲು ಸಿಕ್ಕಿಹಾಕ್ಕೊಳ್ಳೋದು ಅವರ ಕಿವಿಗೇ.

ಪ್ರಶ್ನೆ ಇದ್ದರೆ ಕೇಳಿ. ಆ ಹಿಂದಿನವರಿಗೆ ಮೈಕ್ ಕೊಡ್ರಪ್ಪಾ.