ಒಂದೂವರೆ ತಿಂಗಳ ಸೂಜಿಯ ದಿನ

ವೇದಿಕೆಯ ಹಿರಿಯರೇ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವೈದ್ಯ ಮಿತ್ರರೇ, ಹಿಂದಿನ ಸಾಲಿನಲ್ಲಿ ಕೂತ ಆಶಾ, ಅಂಗನವಾಡಿ ಅಕ್ಕಂದಿರೇ (ದಯವಿಟ್ಟು ಮುಂದೆ ಬನ್ನಿ, ಇವತ್ತಿನ ಮಾತು ನಿಮ್ಮ ಜೊತೆಗೇ ಹೆಚ್ಚು),

ನಮ್ಮ ಕಡೆ ಕೂಸಿನ ನೆತ್ತಿಯ ಕಾಳಜಿ ಬಹಳ. ಎಣ್ಣೆ ಹಾಕುತ್ತಾರೆ, ಕುಂಚಿಗೆ ಕಟ್ಟುತ್ತಾರೆ, ನೆತ್ತಿ ಇನ್ನೂ ಕೂಡಿಲ್ಲವೆಂದು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಓಡಿಬರುತ್ತಾರೆ. ಅದು ಒಂದೂವರೆ ವರ್ಷದವರೆಗೂ ತೆರೆದಿರಬಹುದು. ತಲೆಬುರುಡೆಯ ಎಲುಬುಗಳ ನಡುವಿನ ಸಂಧಿ ಹೊತ್ತಿಗೆ ಮುಂಚೆ ಬೆಸೆದುಕೊಂಡಾಗ ಮಾತ್ರ ಯಾರೂ ಓಡಿಬರುವುದಿಲ್ಲ. "ತಲಿ ಉದ್ದ ಐತ್ರಿ, ಅವರಪ್ಪಂದೂ ಹಂಗ ಐತಿ" ಎಂದು ಅಜ್ಜಿ ನಗುತ್ತಾಳೆ. ನಾವೂ ನಗುತ್ತೇವೆ.

ಸುಮಾರು 2,000ದಿಂದ 2,500 ಕೂಸುಗಳಲ್ಲಿ ಒಂದಕ್ಕೆ ಈ ಕ್ರೇನಿಯೋಸಿನೊಸ್ಟೋಸಿಸ್ ಇರುತ್ತದೆ. ಹೆಚ್ಚಾಗಿ ಬೆಸೆಯುವುದು ನಡುನೆತ್ತಿಯ ಉದ್ದನೆಯ ಸಂಧಿ, ಅದೂ ಗಂಡುಕೂಸುಗಳಲ್ಲಿ. ಅಗಲಕ್ಕೆ ಬೆಳೆಯಲಾಗದ ತಲೆ ಹಿಂದೆ ಮುಂದೆ ಚಾಚಿಕೊಳ್ಳುತ್ತದೆ. ಟೇಪು ಹಿಡಿದರೆ ಸುತ್ತಳತೆ ಸರಿಯಾಗಿಯೇ ಬರಬಹುದು. ಹಾಗಾಗಿ ಟೇಪನ್ನಷ್ಟೇ ನಂಬಬೇಡಿ. ಕೂಸನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ತಲೆಯನ್ನು ಮೇಲಿನಿಂದ ನೋಡಿ. ನಡುನೆತ್ತಿಯ ಗುಂಟ ಬೆರಳಾಡಿಸಿ. ಹೊಲದ ಬದುವಿನಂತೆ ಎಲುಬು ಎದ್ದಿದ್ದರೆ, ನೆತ್ತಿ ತೆರೆದಿದ್ದರೂ ಸಂಶಯಪಡಿ. ಒಂದೇ ಮಗ್ಗುಲಲ್ಲಿ ಮಲಗಿ ಹಿಂದಲೆ ಚಪ್ಪಟೆಯಾಗಿ, ಆ ಕಡೆಯ ಕಿವಿ ಮುಂದೆ ಸರಿದಿದ್ದರೆ ಅದು ಬೇರೆ. ಅದಕ್ಕೆ ಕತ್ತರಿ ಬೇಡ, ಮಗ್ಗುಲು ಬದಲಿಸಿದರೆ ಸಾಕು. ಮಿದುಳೇ ಬೆಳೆಯದೆ ತಲೆ ಸಣ್ಣದಾದ ಕೂಸಿಗೂ ಬೆಸೆದ ಸಂಧಿ ಬಿಡಿಸುವ ಶಸ್ತ್ರಚಿಕಿತ್ಸೆಯಿಂದ ಉಪಯೋಗವಿಲ್ಲ. 1890ರ ದಶಕದಲ್ಲಿ ಅಂಥವರ ಬುರುಡೆ ಕೊಯ್ದು ಎಷ್ಟೋ ಜೀವ ಹೋದವು.

ಎಂಡೋಸ್ಕೋಪಿನಿಂದ ಸಣ್ಣ ಕೊಯ್ತದಲ್ಲಿ ಬೆಸೆದ ಪಟ್ಟಿ ತೆಗೆಯಲು ಮೂರು ತಿಂಗಳ ಆಸುಪಾಸು ಒಳ್ಳೆಯ ಕಾಲ. ಆಗ ಎಲುಬು ತೆಳ್ಳಗಿರುತ್ತದೆ, ರಕ್ತ ಹೋಗುವುದು ಕಡಿಮೆ. ಆರು ತಿಂಗಳು ದಾಟಿದರೆ ಬುರುಡೆಯ ಎಲುಬು ಬಿಚ್ಚಿ ಹೊಸದಾಗಿ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ; ಬಹುತೇಕ ರಕ್ತ ಕೊಡಬೇಕಾಗುತ್ತದೆ. ಈಗ ನಮ್ಮ ಲಸಿಕೆಯ ಪಟ್ಟಿ ನೋಡಿ. ಮೂರೂವರೆ ತಿಂಗಳಿಗೆ ಸೂಜಿ ಹಾಕಿಸಿಕೊಂಡು ಹೋದ ಕೂಸು ಮುಂದಿನ ಸೂಜಿಗೆ ಬರುವುದು ಒಂಬತ್ತನೇ ತಿಂಗಳಲ್ಲಿ, ದಡಾರಕ್ಕೆ. ಸಣ್ಣ ಕೊಯ್ತದ ಕಾಲ ಆ ನಡುವೆಯೇ ಮುಗಿಯುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಸೀಳುತುಟಿ, ಸೊಟ್ಟಪಾದಗಳನ್ನು ಹೆಸರಿಸಿದೆ, ಇದನ್ನು ಹೆಸರಿಸಿಲ್ಲ. ಅದರ ಪಟ್ಟಿಯಲ್ಲಿಲ್ಲದ್ದನ್ನು ತಪಾಸಣೆಯ ತಂಡ ಹುಡುಕಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಸಣ್ಣ ಕೊಯ್ತವೆಂದರೆ ಎಲ್ಲ ಸುಲಭವೆಂದಲ್ಲ. ಆಮೇಲೆ ತಿಂಗಳುಗಟ್ಟಲೆ, ದಿನಕ್ಕೆ 23 ತಾಸು ಹೆಲ್ಮೆಟ್ ಹಾಕಬೇಕು, ತಲೆ ಬೆಳೆದಂತೆ ಅದನ್ನು ಸರಿಪಡಿಸಬೇಕು. ಗೋಕಾಕದ ಏಪ್ರಿಲ್ ಬಿಸಿಲಿನಲ್ಲಿ! ಕಬ್ಬು ಕಡಿಯುತ್ತ ಊರೂರು ಅಲೆಯುವ ಕುಟುಂಬಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೇ ವಾಸಿಯೆಂದು ನನ್ನ ಅಭಿಪ್ರಾಯ. ಒಂದೇ ಸಂಧಿ ಬೆಸೆದ ಕೂಸುಗಳಲ್ಲಿ ಮಿದುಳಿನ ಒತ್ತಡ ಏರುವುದು ಕೆಲವರಿಗೆ ಮಾತ್ರ, ತಂದೆತಾಯಿಯನ್ನು ಹೆದರಿಸಬೇಡಿ. ಆದರೆ ಎರಡರಲ್ಲಿ ಯಾವುದೆಂದು ಆರಿಸುವ ಅವಕಾಶ ಅವರಿಗೆ ಇರಬೇಕು, ತಡವಾಗಿ ಬಂದವರಿಗೆ ಅದು ಇರುವುದಿಲ್ಲ.

ಹೆರಿಗೆಯಲ್ಲಿ ಒತ್ತಿಕೊಂಡ ತಲೆ ಒಂದೂವರೆ ತಿಂಗಳಿಗೆ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಒಂದೂವರೆ ತಿಂಗಳ ಲಸಿಕೆಯ ಸೂಜಿಯ ದಿನವೇ ಎಲ್ಲ ಉಪಕೇಂದ್ರಗಳಲ್ಲಿ ಕೂಸಿನ ತಲೆಯನ್ನು ಮೇಲಿನಿಂದ ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. ಸಂಶಯ ಬಂದರೆ ಇಲ್ಲೇ ಸಿ.ಟಿ. ಮಾಡಿಸುವುದು ಬೇಡ. ಮನೆಯವರ ಒಪ್ಪಿಗೆ ಪಡೆದು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಫೋಟೋ ತೆಗೆದು ಬೆಳಗಾವಿಯ ಅಥವಾ ಹುಬ್ಬಳ್ಳಿಯ ನರಶಸ್ತ್ರತಜ್ಞರಿಗೆ ಕಳಿಸಿ, ಸಿ.ಟಿ. ಬೇಕೋ ಬೇಡವೋ ಅವರೇ ಹೇಳಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸುತ್ತೇನೆ. ಆಕ್ಷೇಪವಿದ್ದವರು ಊಟಕ್ಕೆ ಮುಂಚೆ ಕಾರ್ಯದರ್ಶಿಗಳಿಗೆ ತಿಳಿಸಿ.